ಹುಲಿಗಿ ಹಗಲು ಮಲಗುವುದಿಲ್ಲ

ಎರಡನೆಯ ವೈಶಾಖ, ಶುದ್ಧ ದಶಮಿ,
ನೆರಳು ಕಟ್ಟಿದ ತೊಂಬತ್ತೊಂದನೆಯ ವರ್ಷ,
ಸೊಂಡೂರು ಸೀಮೆಯ ಗುಂಡಿಯೂರು.

ನನಗಿಂತ ಎಷ್ಟೋ ತಲೆಮಾರು ಹಿಂದೆ ಕೂಸು ಸಾಕುತ್ತಿರುವ ತಾಯಿಗೆ, ಅಥವಾ ತಂದೆಗೆ,

ಮೇಲಿನ ತಾರೀಖು ನಿಮಗೆ ತಪ್ಪೆಂದು ಕಾಣಬಹುದು. ನಿಮ್ಮ ಪಂಚಾಂಗದಲ್ಲಿ ಎಂದಾದರೊಮ್ಮೆ ಅಧಿಕ ಮಾಸ ಬರುತ್ತಿತ್ತಂತೆ. ನಮ್ಮಲ್ಲಿ ಪ್ರತಿ ವರ್ಷವೂ ವೈಶಾಖ ಎರಡು. ಒಂದರಲ್ಲಿ ಬೇಸಿಗೆ ಮುಗಿಯದೆ ಹೋದಾಗ ಹಿರಿಯರು ಇನ್ನೊಂದನ್ನು ಸೇರಿಸಿದರು, ಆಮೇಲೆ ಯಾರೂ ಅದನ್ನು ತೆಗೆಯಲಿಲ್ಲ. ನನ್ನ ಪದಗಳೂ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಾವು ಪಿಸುಮಾತಿನಲ್ಲಿ ಬದುಕುವ ಜನ, ನಮ್ಮ ಮಾತುಗಳ ಅಂಚುಗಳೆಲ್ಲ ಸವೆದಿವೆ. ಎಲ್ಲಾದರೂ ವಾಕ್ಯ ನಡುವೆ ನಿಂತುಹೋಗಿದ್ದರೆ ಅಲ್ಲಿ ನನಗೆ ನಿದ್ದೆ ಬಂದಿತ್ತು ಎಂದು ತಿಳಿಯಿರಿ. ಅದು ನಿಮ್ಮ ಮೇಲಿನ ಅಗೌರವವಲ್ಲ.

ನಮ್ಮ ಊರು ಇರುವುದು ನಿಮ್ಮವರು ಅದಿರು ತೆಗೆದು ಬಿಟ್ಟುಹೋದ ಒಂದು ದೊಡ್ಡ ಗುಂಡಿಯಲ್ಲಿ. ಗುಂಡಿಯ ಸುತ್ತ ಮೇಲಿನಿಂದ ಕೆಳಗಿನವರೆಗೆ ಯಂತ್ರಗಳು ಕೊರೆದ ಅಗಲವಾದ ಮೆಟ್ಟಿಲುಗಳಿವೆ. ಅವನ್ನು ಪಾವಟಿಗೆ ಎನ್ನುತ್ತೇವೆ, ಅವೇ ನಮ್ಮ ಓಣಿಗಳು. ಒಂದೊಂದು ಪಾವಟಿಗೆಯ ಕೆಂಪು ಗೋಡೆಯನ್ನು ಕೊರೆದು ಮನೆಗಳನ್ನು ಮಾಡಿಕೊಂಡಿದ್ದೇವೆ. ಗುಂಡಿಯ ಬಾಯಿಗೆ ಅಡ್ಡಲಾಗಿ ನೆರಳುಬಟ್ಟೆ ಬಿಗಿದಿದೆ, ಅದು ಹರಿದರೆ ಊರು ಬೇಯುತ್ತದೆ. ಹಗಲು ಹೊರಗೆ ಓಡಾಡಲು ಸಾಧ್ಯವಿಲ್ಲ. ಆದ್ದರಿಂದ ಸಂಜೆಯ ಕೊಂಬು ಊದಿದಾಗ ಏಳುತ್ತೇವೆ, ಒಲೆ ಹಚ್ಚುತ್ತೇವೆ, ಮಕ್ಕಳು ಶಾಲೆಗೆ ಹೋಗುತ್ತಾರೆ, ಮೇಲಿನ ಹೊಲಗಳಲ್ಲಿ ಸಜ್ಜೆ ಕೊಯ್ಯುವವರು ಮಿಣುಕುಪಾಚಿಯ ಸೀಸೆ ಸೊಂಟಕ್ಕೆ ಕಟ್ಟಿಕೊಂಡು ಹತ್ತುತ್ತಾರೆ. ಮಿಣುಕುಪಾಚಿ ಎಂದರೆ ನೀರಿನಲ್ಲಿ ಬೆಳೆಯುವ, ಅಲುಗಿಸಿದರೆ ಹಸಿರಾಗಿ ಬೆಳಗುವ ಪಾಚಿ. ಮುಂಜಾನೆಯ ಕೊಂಬಿಗೆ ಊರೆಲ್ಲ ಮಲಗುತ್ತದೆ. ಅಲ್ಲಿಂದ ಸಂಜೆಯವರೆಗೆ ಹಗಲುಮೌನ. ಗುಂಡಿಯ ಆಕಾರ ಬೋಗುಣಿಯಂಥದ್ದು, ಮೇಲೆ ಒಂದು ಚಮಚ ಬಿದ್ದರೆ ಕೆಳಗಿನ ಪಾವಟಿಗೆಯವರು ಕಣ್ಣು ಬಿಡುತ್ತಾರೆ. ಹೀಗಾಗಿ ಹಗಲಿನಲ್ಲಿ ಸದ್ದು ಮಾಡಬಾರದೆಂಬುದು ಕಟ್ಟಳೆ. ಕೆಮ್ಮುವವರು ಕೂಡ ದಿಂಬಿನಲ್ಲಿ ಮುಖ ಹುದುಗಿಸಿ ಕೆಮ್ಮುತ್ತಾರೆ.

ನನ್ನ ಹೆಸರು ಜಡೆಪ್ಪ. ನೀರಿನ ಕೊಳವೆಗಳ ರಿಪೇರಿ ನನ್ನ ಕೆಲಸ. ಹೆಂಡತಿ ಸುಂಕವ್ವ ನೆರಳುಬಟ್ಟೆ ಹೊಲಿಯುವವಳು, ಹಗ್ಗಕ್ಕೆ ಜೋತುಬಿದ್ದು ಗಾಳಿಯಲ್ಲಿ ಸೂಜಿ ಹಾಕುವುದು ಎಲ್ಲರಿಗೂ ಬರುವಂಥದ್ದಲ್ಲ. ಕೂಸು ಹುಟ್ಟಿದಾಗ ತಾಯಿ ತಂದೆ ಇಬ್ಬರಲ್ಲಿ ಒಬ್ಬರಿಗೆ ಊರು ಕೂಸುರಜೆ ಕೊಡುತ್ತದೆ. ಕೊಳವೆ ರಿಪೇರಿಗೆ ಬೇರೆಯವರಿದ್ದರು, ಹೊಲಿಗೆಗೆ ಇರಲಿಲ್ಲ. ರಜೆ ನನ್ನದಾಯಿತು.

ಮಗಳ ಹೆಸರು ಹುಲಿಗಿ. ಹುಟ್ಟಿದಾಗಲೇ ಕಣ್ಣು ಬಿಟ್ಟುಕೊಂಡಿದ್ದಳು. ಇಷ್ಟು ತಡವೇಕೆ ಮಾಡಿದಿರಿ ಎನ್ನುವಂತೆ ದಾದಿಯನ್ನು ನೋಡಿದಳು. ಮೊದಲ ನಗೆ ನಮಗೆ ಸಿಗಲಿಲ್ಲ. ಅದು ಮನೆಯ ಮೂಲೆಯಲ್ಲಿ ಸೋರುತ್ತಿದ್ದ ನಲ್ಲಿಗೆ ಸಿಕ್ಕಿತು. ಹನಿ ಹುಟ್ಟಿ, ದಪ್ಪವಾಗಿ, ತೂಗಿ, ಬೀಳುವುದನ್ನು ಅವಳು ಉಸಿರು ಹಿಡಿದು ನೋಡುತ್ತಿದ್ದಳು. ಟಪ್ ಎಂದಾಗ ಒಸಡೆಲ್ಲ ಕಾಣುವಂತೆ ನಕ್ಕಳು. ನೀರಿಲ್ಲದ ಊರಿನಲ್ಲಿ ಕೊಳವೆ ರಿಪೇರಿ ಮಾಡುವವನ ಮನೆಯ ನಲ್ಲಿಯೇ ಸೋರುವುದು ಎಂಥ ನಾಚಿಕೆಗೇಡು ಎಂದು ನಿಮಗೆ ಹೇಳಬೇಕಿಲ್ಲ. ನಾನು ಕೆಳಗೊಂದು ಬಟ್ಟಲಿಟ್ಟೆ, ನಲ್ಲಿಯನ್ನು ಮುಟ್ಟಲಿಲ್ಲ.

ಐದನೆಯ ತಿಂಗಳಲ್ಲಿ ಬೋರಲು ಬಿದ್ದಳು. ಬಿದ್ದ ಮೇಲೆ ಮರಳಿ ಅಂಗಾತವಾಗಲು ಬಾರದೆ ಜಗತ್ತಿನ ಮೇಲೆ ಸಿಟ್ಟಾದಳು. ನಾನು ತಿರುಗಿಸಿ ಮಲಗಿಸಿದೆ, ಅವಳು ಮತ್ತೆ ಬೋರಲು ಬಿದ್ದು ಮತ್ತೆ ಕಿರುಚಿದಳು. ಒಂದು ದಿನವೆಲ್ಲ ನಮ್ಮಿಬ್ಬರಿಗೂ ಇದೇ ಕೆಲಸ. ಪಕ್ಕದ ಮನೆಯ ಖಾಸಿಂಬಿ ಅಜ್ಜಿ ನಶ್ಯ ಏರಿಸಿ ಸೀನಿದಾಗ ಹುಲಿಗಿ ಮೊದಲ ಸಲ ಗಟ್ಟಿಯಾಗಿ ನಕ್ಕಳು. ಆ ನಗೆ ಇನ್ನೊಮ್ಮೆ ಕೇಳಬೇಕೆಂದು ಅಜ್ಜಿ ಮೂಗು ಕೆಂಪಾಗುವವರೆಗೆ ಸೀನಿದಳು. ಅಂಬೆಗಾಲು ಇಡತೊಡಗಿದಾಗ ಹಿಂದಕ್ಕೆ ಮಾತ್ರ ಹೋಗುತ್ತಿದ್ದಳು. ಬೇಕಾದ ಸೌಟಿನ ಮೇಲೆ ಕಣ್ಣಿಟ್ಟು ಹೊರಟರೆ ಅದರಿಂದ ದೂರ ದೂರ ಸರಿದು ಗೋಡೆಗೆ ತಾಗಿ, ಸೌಟನ್ನೇ ಬೈಯುತ್ತಿದ್ದಳು. ಟೊಪ್ಪಿಗೆ ಹಾಕಿದರೆ ಕಿತ್ತೆಸೆಯುತ್ತಾಳೆ. ಮುದ್ದು ಮಾಡಿದರೆ ಸ್ವಲ್ಪ ಹೊತ್ತು ತಾಳಿಕೊಂಡು, ಸಾಕು ಎಂದು ಅಂಗೈಯಿಂದ ನಮ್ಮ ಮುಖವನ್ನು ಆಚೆ ತಳ್ಳುತ್ತಾಳೆ. ಆದರೆ ತಾನು ಚೀಪಿದ ರೊಟ್ಟಿಯ ಚೂರನ್ನು ಬಂದವರ ಬಾಯಿಗೆ ತುರುಕಿ, ಅವರು ನುಂಗುವವರೆಗೆ ಕಣ್ಣು ಕೀಳದೆ ಕಾಯುತ್ತಾಳೆ. ಅವಳ ಮೊದಲ ಮಾತು ಅವ್ವ ಅಲ್ಲ, ಅಪ್ಪ ಅಲ್ಲ. "ತಾ" ಎಂಬುದು. ಸೌಟಿಗೆ ತಾ, ನಲ್ಲಿಗೆ ತಾ, ಖಾಸಿಂಬಿಯ ಮೂಗಿಗೆ ತಾ.

ಇಷ್ಟೇ ಆಗಿದ್ದರೆ ನಾನು ಸುಖಿ. ಆದರೆ ಹುಲಿಗಿ ಹಗಲು ಮಲಗುವುದಿಲ್ಲ.

ಊರೆಲ್ಲ ದುಡಿಯುವಾಗ ಅವಳು ಬೆವರಿ ಕೆಂಪಾಗಿ ನಿದ್ದೆ ಮಾಡುತ್ತಾಳೆ. ಮುಂಜಾನೆಯ ಕೊಂಬು ಊದಿ ಎಲ್ಲರೂ ಕಂಬಳಿ ಎಳೆದುಕೊಳ್ಳುವಾಗ ಕಣ್ಣು ತೆರೆಯುತ್ತಾಳೆ. ಬಂಡೆಯೊಳಗಿನ ಮನೆಯಲ್ಲಿ ಬೆಳಕಿನ ಒಂದು ಎಳೆಯೂ ಇಲ್ಲ. ಹೊತ್ತು ಹುಟ್ಟಿದ್ದು ಅವಳಿಗೆ ಹೇಗೆ ತಿಳಿಯುತ್ತದೋ ದೇವರಿಗೇ ಗೊತ್ತು. ಎದ್ದವಳು ಅಳುವುದಿಲ್ಲ, ಅದೇ ಕಷ್ಟ. ಅತ್ತರೆ ಎತ್ತಿಕೊಂಡು ಸಮಾಧಾನ ಮಾಡಬಹುದು. ಅವಳು ಸಂತೋಷದಿಂದ ಕೇಕೆ ಹಾಕುತ್ತಾಳೆ. ಗುಂಡಿ ಆ ಕೇಕೆಯನ್ನು ಸುತ್ತಿಸಿ ಮರಳಿ ಅವಳಿಗೇ ಕೊಡುತ್ತದೆ, ಅವಳು ಅದಕ್ಕೆ ಉತ್ತರ ಕೊಡುತ್ತಾಳೆ.

"ಈ ಕೂಸು ಹಿಂದಿನವರದು ಜಡೆಪ್ಪ," ಎಂದಳು ಖಾಸಿಂಬಿ. "ಅವರು ಹೀಂಗೇ ಅಂತೆ. ಹೊತ್ತು ಹುಟ್ಟಿದ್ರೆ ಏಳೋರು, ಮುಣುಗಿದ್ರೆ ಮಲಗೋರು."

ಅಂದಿನಿಂದ ನಾನು ನಿಮ್ಮನ್ನು ನೆನೆಯುತ್ತಿದ್ದೇನೆ.

ಮೊದಲು ಜನ ನಕ್ಕರು. ಆಮೇಲೆ ಗೋಡೆ ತಟ್ಟಿದರು. ಆಮೇಲೆ ನಮ್ಮನ್ನು ಕಂಡರೆ ಮಾತು ನಿಲ್ಲಿಸಿದರು. ನಾನು ಕದಕ್ಕೆ ಗೋಣಿ ಬಡಿದೆ, ಕಂಬಳಿಯ ಗುಡಾರ ಮಾಡಿ ಅವಳೊಂದಿಗೆ ಒಳಗೆ ಕೂತೆ. ಬೆವರಿಗೆ ಅವಳ ಕತ್ತಿನಲ್ಲಿ ಗುಳ್ಳೆಗಳೆದ್ದವು. ಅವಳು ಮಲಗಿದಾಗ ನಾನು ಮಲಗಬೇಕು, ಆದರೆ ಆಗ ನೀರಿನ ಸರದಿ, ಬಟ್ಟೆ, ಅಂಬಲಿ, ಊರಿನ ಗದ್ದಲ. ನಿಂತಲ್ಲೇ ಗೋಡೆಗೆ ಹಣೆಯಿಟ್ಟು ನಿದ್ದೆ ಮಾಡುವುದನ್ನು ಕಲಿತೆ.

ಒಂದು ಸಂಜೆ ಎರ್ರಿಸ್ವಾಮಿ ನಮ್ಮ ಬಾಗಿಲಿಗೆ ಬಂದ. ಕೆಳಗಿನ ಬಾವಿಗೆ ಹಗ್ಗದಲ್ಲಿ ಇಳಿದು ಹೂಳು ತೆಗೆಯುವವನು ಅವನು. ಬಲಗೈಗೆ ಪಟ್ಟಿ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡಿದ್ದ. ಕೂಗಾಡಲು ಬಂದಿದ್ದಾನೆಂದುಕೊಂಡೆ. ಅವನು ಹೊಸ್ತಿಲ ಮೇಲೆ ಕೂತು ನೀರು ಕೇಳಿದ.

"ನಿನ್ ಮಗಳ ಮ್ಯಾಲೆ ನನಗೆ ಸಿಟ್ಟಿಲ್ಲಣ್ಣ," ಎಂದ. "ಆದ್ರೆ ನಿನ್ನೆ ರಾತ್ರಿ ಹಗ್ಗದ ಮ್ಯಾಲೆ ನಿದ್ದಿ ಬಂದುಬಿಡ್ತು. ಕೆಳಗ ನೀರಿತ್ತು ಅಂತ ಜೀವ ಉಳೀತು. ಮಣಿಕಟ್ಟು ಮುರೀತು. ನಾನೇನ್ ಮಾಡ್ಲಿ, ನೀನೇ ಹೇಳು."

ಹುಲಿಗಿ ನಿದ್ದೆಯಲ್ಲಿದ್ದಳು. ಅವನು ಅವಳನ್ನು ಬಹಳ ಹೊತ್ತು ನೋಡಿ, ನೀರು ಕುಡಿದು, ಎದ್ದು ಹೋದ.

ಹಿರಿಯರು ನಮ್ಮನ್ನು ಕರೆಸಿದರು. ಯಾರೂ ಗದರಲಿಲ್ಲ, ಎಲ್ಲರ ಕಣ್ಣುಗಳೂ ಊದಿಕೊಂಡಿದ್ದವು. ದಾದಿ ತನ್ನ ಚೀಲದಿಂದ ಜೊಂಪುಹನಿಯ ಸೀಸೆ ತೆಗೆದಿಟ್ಟಳು. ಅದೊಂದು ಬೇರಿನ ರಸ, ನಮ್ಮಲ್ಲಿ ಹಠ ಮಾಡುವ ಕೂಸುಗಳಿಗೆ ಕೊಡುವ ರೂಢಿ.

"ನಾಲಿಗಿ ಮ್ಯಾಲೆ ಒಂದು ಹನಿ ಸಾಕು," ಎಂದಳು ದಾದಿ. "ಸಂಜೆತನ ಏಳಲ್ಲ. ಭಾಳ ಮಕ್ಕಳಿಗೆ ಕೊಟ್ಟೀನಿ."

"ನನ್ ತಮ್ಮ ಮಲ್ಲೇಶಿಗೂ ಕೊಟ್ಟಿದ್ರು," ಎಂದಳು ಸುಂಕವ್ವ.

ಮಲ್ಲೇಶಿಯನ್ನು ಅರಿಯದವರು ಯಾರಿದ್ದಾರೆ? ಹಗ್ಗದ ಸುರುಳಿ ಹೊತ್ತು ಅಕ್ಕನ ಹಿಂದೆ ನಡೆಯುತ್ತಾನೆ, ಕರೆದರೆ ಬರುತ್ತಾನೆ, ಕೂರು ಎಂದರೆ ಕೂರುತ್ತಾನೆ, ಯಾವಾಗಲೂ ಮುಗುಳುನಗುತ್ತಿರುತ್ತಾನೆ. ಅವನು ಸಿಟ್ಟಾದದ್ದನ್ನು ಊರು ನೋಡಿಲ್ಲ. ಏನಾದರೂ ಬೇಕೆಂದು ಕೇಳಿದ್ದನ್ನೂ ನೋಡಿಲ್ಲ.

"ಅದು ಹನಿಯಿಂದಾನೇ ಆಗಿದ್ದು ಅಂತ ಯಾರು ಹೇಳಿದ್ರವ್ವ?" ಎಂದಳು ದಾದಿ, ನೊಂದ ದನಿಯಲ್ಲಿ.

"ಯಾರೂ ಹೇಳಿಲ್ಲ. ಅಲ್ಲ ಅಂತಾನೂ ಯಾರೂ ಹೇಳಿಲ್ಲ."

ಹಿರಿಯರು ಯೋಚಿಸಿ ಎರಡು ದಾರಿ ಮುಂದಿಟ್ಟರು. ಹನಿ ಕೊಡಬೇಕು. ಇಲ್ಲವೇ ಗುಂಡಿಯ ಅಂಚಿನ ಮೇಲಿರುವ ಹಳೆಯ ಕಾವಲು ಮನೆಗೆ ಹೋಗಬೇಕು. ಅಲ್ಲಿ ಎಷ್ಟು ಕೂಗಿದರೂ ಯಾರಿಗೂ ಕೇಳದು, ಆದರೆ ನೆರಳುಬಟ್ಟೆ ಅಲ್ಲಿಯವರೆಗೆ ಇಲ್ಲ. ಎರಡನೆಯ ವೈಶಾಖದಲ್ಲಿ ಆ ಮನೆಯ ಕಲ್ಲಿನ ಮೇಲೆ ಅಂಗೈ ಇಡಲಾಗದು.

ಮನೆಗೆ ಬಂದ ಮೇಲೆ ನಾನು ಸೀಸೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಇದು ನಾನು ಮುಚ್ಚಿಡಬೇಕಾದ ಮಾತಲ್ಲ, ನನಗೆ ಕೊಡಬೇಕೆನಿಸಿತ್ತು. ಅವಳ ಒಳ್ಳೆಯದಕ್ಕಲ್ಲ. ನನಗೆ ಮಲಗಬೇಕಾಗಿತ್ತು.

"ಒಂದು ಹನಿ, ಒಂದೇ ಸಲ," ಎಂದೆ.

"ಮೊದಲ ಹನಿ ಕೂಸಿಗೆ, ಉಳಿದದ್ದೆಲ್ಲ ನಮಗೆ," ಎಂದಳು ಸುಂಕವ್ವ. "ನಮಗೆ ಚಟ ಹತ್ತುತ್ತೆ ಜಡೆಪ್ಪ. ಅದು ಸುಮ್ನಿರೋದು ನೋಡೋ ಚಟ."

ಅವಳ ಕೈಬೆರಳುಗಳೆಲ್ಲ ಸೂಜಿ ಚುಚ್ಚಿ ಗಂಟುಗಟ್ಟಿದ್ದವು. ನನ್ನ ಕೈಯಿಂದ ಸೀಸೆ ತೆಗೆದುಕೊಂಡು ಹೋಗಿ ದಾದಿಗೆ ಮರಳಿಸಿ ಬಂದಳು. ಬಂದು ಬಟ್ಟೆ ಮಡಚತೊಡಗಿದಳು, ಅಂಚಿನ ಮನೆಗೆ ಹೋಗಲೆಂದು. ಮಡಚುತ್ತಾ ಅತ್ತಳು. ಆ ಬಿಸಿಲಿನಲ್ಲಿ ಕೂಸು ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಎರ್ರಿಸ್ವಾಮಿ ಮತ್ತೆ ಬಂದದ್ದು ಆಗ. ಈ ಸಲ ಕೂರಲಿಲ್ಲ.

"ಬಾವಿ ಪಕ್ಕ ಒಂದು ಕೋಣಿ ಐತೆ. ಹಳೇ ಪಂಪು ಇಡ್ತಿದ್ದ ಜಾಗ. ನಾವು ಕುಂಬಳಕಾಯಿ ಇಟ್ಕಂಡೀವಿ. ತಣ್ಣಗೈತೆ. ಕದ ಹಾಕಿದ್ರೆ ಒಳಗ ಕೂಗಿದ್ದು ಹೊರಗ ಬರಲ್ಲ. ನಾನೇ ಒಂದ್ಸಲ ಒಳಗ ಸಿಕ್ಕಂಡು ಕೂಗಿ ಕೂಗಿ ಸಾಕಾಗಿದ್ದೆ."

"ಕೈ ಮುರಿದದ್ದು ನಮ್ಮಿಂದ," ಎಂದೆ ನಾನು. "ಮತ್ತೆ ನೀನೇ..."

"ನನಗೆ ನಿದ್ದಿ ಬೇಕಣ್ಣ, ಅಷ್ಟೇ," ಎಂದ. "ಕುಂಬಳಕಾಯಿ ಎತ್ತಿಡಾಕೆ ನನ್ ಕೈಲಿ ಆಗಲ್ಲ, ನೀನು ಬಾ."

ಅಲ್ಲಿಂದ ಈಚೆಗೆ ನನ್ನ ಬದುಕು ಈ ಕೋಣೆಯಲ್ಲಿ. ಬಾವಿಯ ಕಡೆಯ ಕಿಂಡಿಗೆ ಕಬ್ಬಿಣದ ಸರಳು ಹಾಕಿಸಿದ್ದೇನೆ. ಗೋಡೆಗೆ ಮಿಣುಕುಪಾಚಿಯ ಸೀಸೆಗಳನ್ನು ತೂಗುಬಿಟ್ಟಿದ್ದೇನೆ, ಅವಳು ಕೇಕೆ ಹಾಕಿದರೆ ನೀರು ನಡುಗಿ ಅವು ಇನ್ನಷ್ಟು ಬೆಳಗುತ್ತವೆ. ಹಾಗಾಗಿ ಅವಳು ಇನ್ನಷ್ಟು ಕೇಕೆ ಹಾಕುತ್ತಾಳೆ. ಮುಂಜಾನೆಯ ಕೊಂಬಿಗೆ ಮುಂಚೆ ಅವಳನ್ನು ಹೆಗಲಿಗೆ ಹಾಕಿಕೊಂಡು ಇಳಿಯುತ್ತೇನೆ. ಸಂಜೆಯ ಕೊಂಬಿಗೆ ಸುಂಕವ್ವ ಇಳಿದು ಬರುತ್ತಾಳೆ. ನಾವು ಮೂವರೂ ಸ್ವಲ್ಪ ಹೊತ್ತು ಒಟ್ಟಿಗಿದ್ದು ಅಂಬಲಿ ಕುಡಿಯುತ್ತೇವೆ. ಅಷ್ಟರಲ್ಲಿ ಹುಲಿಗಿಯ ರೆಪ್ಪೆ ಭಾರವಾಗುತ್ತದೆ, ಸುಂಕವ್ವ ಹಗ್ಗ ಹತ್ತಲು ಹೋಗಬೇಕಾಗುತ್ತದೆ. ಮಗಳು ಎಚ್ಚರವಿರುವುದನ್ನು ಅವಳು ನೋಡುವುದು ಅಷ್ಟು ಹೊತ್ತು ಮಾತ್ರ. ಪ್ರತಿ ಸಂಜೆ ಅವಳ ಮೊದಲ ಮಾತು ಒಂದೇ: "ಇವತ್ತೇನ್ ಮಾಡಿದ್ಲು?" ನಾನು ಹೇಳುತ್ತೇನೆ. ಹೊಸ ಹಲ್ಲು ಬಂತು, ನನ್ನನ್ನೇ ಕಚ್ಚಿ ತೋರಿಸಿದಳು. ಮುಂದಕ್ಕೆ ಹರಿದಾಡಲು ಕಲಿತಳು. ಕುಂಬಳಕಾಯಿಗೆ ರೊಟ್ಟಿ ತಿನ್ನಿಸಲು ನೋಡಿದಳು, ಅದು ನುಂಗಲಿಲ್ಲವೆಂದು ಕಾದು ಕಾದು ಬೇಸತ್ತಳು. ಸುಂಕವ್ವ ನಗುತ್ತಾಳೆ. ನಕ್ಕು ಮುಗಿದ ಮೇಲೆ ಅವಳ ಮುಖದಲ್ಲಿ ಇನ್ನೇನೋ ಉಳಿಯುತ್ತದೆ. ನನಗೆ ಕಾಣುವುದಿಲ್ಲವೆಂದುಕೊಂಡು ಅದನ್ನು ಸೆರಗಿನಿಂದ ಒರೆಸುತ್ತಾಳೆ.

ಕೈ ಕೂಡಿಕೊಳ್ಳುವವರೆಗೆ ಎರ್ರಿಸ್ವಾಮಿಗೂ ಕೆಲಸವಿಲ್ಲ. ಕೆಲವು ಹಗಲು ಅವನು ಈ ಕೋಣೆಗೇ ಬಂದು ಮಲಗುತ್ತಾನೆ. ಕೇಕೆಯ ನಡುವೆಯೇ ಗೊರಕೆ ಹೊಡೆಯುತ್ತಾನೆ. ಮನೆಯಲ್ಲಿ ಈಗ ಕೂಗು ಕೇಳದಿದ್ದರೂ ಹಳೆಯ ಅಭ್ಯಾಸಕ್ಕೆ ಯಾವಾಗ ಕೂಗುತ್ತಾಳೋ ಎಂದು ಕಿವಿ ಕಾಯುತ್ತದೆ, ನಿದ್ದೆ ಬರುವುದಿಲ್ಲವಂತೆ. ಇಲ್ಲಿ ಹೇಗೂ ಕೂಗುತ್ತಿರುತ್ತಾಳೆ ಎಂದು ನಿಶ್ಚಿಂತೆ.

ಈಗ ಮೊನ್ನೆಯ ಮಾತು. ಮಧ್ಯಾಹ್ನ. ನಾನು ಗೋಡೆಗೊರಗಿ ಕೂತಿದ್ದೆ, ಕಣ್ಣು ತೆರೆದಿತ್ತೋ ಮುಚ್ಚಿತ್ತೋ ತಿಳಿಯದು. ಹುಲಿಗಿ ಕುಂಬಳಕಾಯಿ ಹಿಡಿದು ಎದ್ದು ನಿಂತಳು. ಅದು ಹೊಸದಲ್ಲ. ಆಮೇಲೆ ಕುಂಬಳಕಾಯಿಯನ್ನು ಬಿಟ್ಟಳು. ಎರಡೂ ಕೈಗಳನ್ನು ಮೇಲೆತ್ತಿ, ಹೊಟ್ಟೆ ಮುಂದೆ ಮಾಡಿ, ಯಾರೋ ಬಯ್ದಂತೆ ಹುಬ್ಬು ಗಂಟಿಕ್ಕಿ, ನನ್ನ ಕಡೆ ನಡೆದು ಬಂದಳು. ಒಂದು ಹೆಜ್ಜೆ, ಮತ್ತೊಂದು, ತೂಗಾಡಿ ನಿಂತು ಇನ್ನೂ ಒಂದು. ಬಂದು ನನ್ನ ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ತಾ" ಎಂದಳು.

ನನಗೆ ಕನಸೆನಿಸಿತು. ಈಚೆಗೆ ನನಗೆ ಎಚ್ಚರವಿದ್ದಾಗಲೂ ಕನಸುಗಳು ಬೀಳುತ್ತವೆ. ಮೂಲೆಯಲ್ಲಿ ಎರ್ರಿಸ್ವಾಮಿ ಮೊಣಕೈ ಊರಿ ಎದ್ದು ಕೂತಿದ್ದ.

"ನೋಡಿದ್ಯಾ?" ಎಂದೆ.

"ನೋಡಿದೆ," ಎಂದ. ಅವನ ಕಣ್ಣುಗಳು ಒದ್ದೆಯಾಗಿದ್ದವು. "ಅವ್ವನಿಗೆ ಏನಂತ ಹೇಳ್ತೀ?" ಎಂದ.

ನಾನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅವಳ ಅಂಗಾಲು ಕೆಂಪು ಮಣ್ಣಾಗಿತ್ತು. ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿದೆ. ಒರೆಸಿದ ಮೇಲೆ ಅವಳು ಇಳಿಯಲು ಎಷ್ಟು ಹಠ ಮಾಡಿದರೂ ಬಿಡಲಿಲ್ಲ. ಸಂಜೆಯವರೆಗೆ ಹಾಡು ಹೇಳಿದೆ, ಸೀಸೆ ಅಲುಗಿಸಿದೆ, ಸೀನಿದೆ. ಅವಳು ನನ್ನ ಕೆನ್ನೆಗೆ ಹೊಡೆದಳು, ಕಚ್ಚಿದಳು. ಎರ್ರಿಸ್ವಾಮಿ ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟುವ ಹಾಗೆ ತೊಡೆ ಬಡಿದು ಅವಳನ್ನು ನಗಿಸಿದ.

ಕೊಂಬು ಊದಿತು. ಸುಂಕವ್ವ ಇಳಿದು ಬಂದಳು. ಬಾಗಿಲಲ್ಲೇ ನಿಂತು, "ಇವತ್ತೇನ್ ಮಾಡಿದ್ಲು?" ಎಂದಳು.

"ಏನೂ ಇಲ್ಲ," ಎಂದೆ. "ಬರೀ ಹಠ."

ಹೇಳಿ ಮಗಳನ್ನು ನೆಲಕ್ಕೆ ನಿಲ್ಲಿಸಿ ಕೈಬಿಟ್ಟೆ. ಅವಳು ಇಷ್ಟು ಹೊತ್ತಿನ ಸಿಟ್ಟನ್ನೆಲ್ಲ ಕಾಲಿಗೆ ತಂದುಕೊಂಡಂತೆ ನೇರ ಅವ್ವನ ಕಡೆ ನಡೆದಳು. ಸುಂಕವ್ವ ಮೊಣಕಾಲೂರಿ ಕೂತಳು. ಕೈ ಚಾಚಿದಳು, ಆದರೆ ಕರೆಯಲಿಲ್ಲ. ಕರೆದರೆ ಬಿದ್ದಾಳೆಂಬ ಹೆದರಿಕೆ. ಹುಲಿಗಿ ಅವಳ ಕೊರಳಿಗೆ ಬಂದು ಬಿದ್ದಾಗ ಸುಂಕವ್ವ ಹಾಕಿದ ಕೂಗು ಮೇಲಿನ ಪಾವಟಿಗೆಯವರೆಗೆ ಕೇಳಿತಂತೆ. ಖಾಸಿಂಬಿ ಓಡಿ ಬಂದಳು, ದಾದಿ ಬಂದಳು, ಮಲ್ಲೇಶಿ ಹಗ್ಗದ ಸುರುಳಿಯೊಂದಿಗೆ ಬಂದು ನಿಂತು ನಕ್ಕ.

"ಈಗ, ಈಗಷ್ಟೇ ನಡೆದ್ಲು!" ಎಂದು ಸುಂಕವ್ವ ಎಲ್ಲರಿಗೂ ಹೇಳಿದಳು. "ನಾನು ಬಾಗಿಲಿಗೆ ಬಂದ್ನಾ, ನನ್ ನೋಡಿದ್ಲಾ, ನಡೆದೇಬಿಟ್ಲು!" ಆಮೇಲೆ ಎರ್ರಿಸ್ವಾಮಿಯ ಕಡೆ ತಿರುಗಿ, "ನೀನೂ ನೋಡಿದೆ ಅಲ್ಲ ಅಣ್ಣ?" ಎಂದಳು.

"ನೋಡ್ದೆ ತಂಗಿ," ಎಂದ ಎರ್ರಿಸ್ವಾಮಿ. "ಅವ್ವ ಬರ್ಲಿ ಅಂತ ಕಾದಿತ್ತು ನೋಡು ಕೂಸು."

ಅಂದು ಅವಳು ಹಗ್ಗ ಹತ್ತುವಾಗ ಹಾಡುತ್ತಿದ್ದಳು. ನಮ್ಮ ಊರಿನಲ್ಲಿ ಹಾಗೆ ಗಟ್ಟಿಯಾಗಿ ಹಾಡುವವರು ಕಡಿಮೆ.

ಹಿಂದಿನವರೇ, ಈ ಕಾಗದ ನಿಮಗೆ ಹೇಗೆ ಮುಟ್ಟುತ್ತದೆಂದು ನನಗೆ ತಿಳಿಯದು. ಆದರೆ ಮಧ್ಯಾಹ್ನದ ಆ ಮೂರು ಹೆಜ್ಜೆಗಳನ್ನು ಯಾರಿಗಾದರೂ ಹೇಳದೆ ಇರಲು ನನ್ನಿಂದಾಗಲಿಲ್ಲ. ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ಒಬ್ಬನೇ ಇಟ್ಟುಕೊಳ್ಳುವಷ್ಟು ಕಸುವು ಈಗ ನನ್ನಲ್ಲಿಲ್ಲ. ಇಲ್ಲಿ ಹೇಳಿದರೆ ಸುಂಕವ್ವನ ಕಿವಿಗೆ ಬೀಳುತ್ತದೆ. ನಿಮಗೆ ಹೇಳಿದರೆ ಬೀಳುವುದಿಲ್ಲ. ದಯವಿಟ್ಟು ನಿಮ್ಮಲ್ಲೇ ಇರಲಿ.

ಹುಲಿಗಿಯ ಗಡಿಯಾರ ಮುಂದೆ ನಮ್ಮಂತಾಗುತ್ತದೋ ಇಲ್ಲವೋ ದಾದಿಗೂ ಗೊತ್ತಿಲ್ಲ. ಆಗದಿದ್ದರೆ ಏನು ಮಾಡುವುದೆಂದು ನಾವು ಯೋಚಿಸಿಲ್ಲ. ಯೋಚಿಸಲು ಇಬ್ಬರೂ ಒಟ್ಟಿಗೆ ಎಚ್ಚರವಿರಬೇಕು. ಈಗ ಅವಳು ನನ್ನ ತೊಡೆಯ ಮೇಲೆ ಅಪರೂಪಕ್ಕೆ ಒಂದು ಚೂರು ಜೊಂಪಿನಲ್ಲಿದ್ದಾಳೆ. ಅಷ್ಟರಲ್ಲೇ ಇಷ್ಟು ಬರೆದೆ. ಕೊನೆಯದಾಗಿ ಬುದ್ಧಿಮಾತು ಹೇಳುವ ಯೋಗ್ಯತೆ ನನಗಿಲ್ಲ, ಸಾಕುವವರು ಸಾಕುವವರಿಗೆ ಹೇಳುವಷ್ಟನ್ನೇ ಹೇಳುತ್ತೇನೆ. ನಿಮ್ಮ ಕೂಸು ಮಲಗಿದ್ದರೆ, ಇದನ್ನು ಕೆಳಗಿಟ್ಟು ನೀವೂ ಸ್ವಲ್ಪ ಮಲಗಿ.

ನಿಮ್ಮವ,
ಜಡೆಪ್ಪ